ಬೆಳ್ಳಿ ಬಣ್ಣದ ಬೋಲ್ಟು

ಕಾರಿನ ಬಾಗಿಲು ತೆಗೆದದ್ದೇ ತಡ, ಸೋಪು ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ. ಕೊಳೆತ ಮೊಟ್ಟೆಯ ನಾತ ಹಳೆಯದು, ಅವನಿಗೆ ಪರಿಚಯದ್ದು. ಇವತ್ತು ಅದರ ಜೊತೆ ಫಿನಾಯಿಲ್ ನಾತವೂ ಸೇರಿಕೊಂಡಿತ್ತು.

"ನಿನ್ನೆ ಇಡೀ ಮಧ್ಯಾಹ್ನ ತಿಕ್ಕಿದೀನಿ ಕಣಯ್ಯಾ," ಎಂದ ಭಾವ, ಅಪರಾಧಿಯ ಹಾಗೆ ನಿಂತು. "ನೀನು ಬೈದಿದ್ದೆಯಲ್ಲ, ಅದಕ್ಕೆ."

ಸೋಪು ಮೇಸ್ತ್ರಿ ಮೂಗಿಗೆ ಕರ್ಚೀಫು ಕಟ್ಟಿಕೊಂಡ. ಸೋಪು ಎಂಬ ಹೆಸರು ಅವನಿಗೆ ಸುಮ್ಮನೆ ಬಂದಿರಲಿಲ್ಲ. ಒಂದು ನಟ್ಟು ಬಿಚ್ಚಿದರೂ ಕೈ ತೊಳೆಯುವ ಮೆಕ್ಯಾನಿಕ್ ಅವನು. ರಿಪೇರಿಗೆ ಬಂದ ಕಾರಿನ ಬಾನೆಟ್ಟಿನ ಒಳಗೆಲ್ಲ ಸೀಮೆಎಣ್ಣೆ ಹಾಕಿ ಉಜ್ಜಿ, ತುಕ್ಕು ಕಂಡಲ್ಲೆಲ್ಲ ಬೆಳ್ಳಿ ಬಣ್ಣ ಬಳಿದು, ಫಳಫಳ ಹೊಳೆಯುವಂತೆ ಮಾಡಿಯೇ ವಾಪಸು ಕೊಡುತ್ತಿದ್ದ. ಕೊಳಕರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಈ ಚಳಿಗೆ ಕಾರು ಏಳುತ್ತಿಲ್ಲವೆಂದು ಭಾವನ ಪಕ್ಕದ ಮನೆಯ ಟೀಚರಮ್ಮ ಎರಡು ಸಲ ಫೋನ್ ಮಾಡಿದಾಗ, "ಮೊದಲು ಸೀಟಿನ ಮೇಲಿನ ನಾಯಿ ಕೂದಲು ಗುಡಿಸಿ, ಆಮೇಲೆ ಮಾತಾಡೋಣ" ಎಂದು ಫೋನ್ ಇಟ್ಟಿದ್ದ.

ಭಾವನದ್ದು ಮೊಟ್ಟೆ ವ್ಯಾಪಾರ. ಹಗಲೆಲ್ಲ ಕಾರಿನ ತುಂಬ ಮೊಟ್ಟೆಯ ಟ್ರೇಗಳು. ಒಂದಲ್ಲ ಒಂದು ಒಡೆದು ಸೀಟಿನ ಸಂದಿಗೆ ಇಳಿಯುತ್ತಿತ್ತು. ವಾರಕ್ಕೆ ಮೂರು ಬೆಳಗ್ಗೆ ಮಾತ್ರ ಅದೇ ಕಾರಿನಲ್ಲಿ ಅಕ್ಕ ಆಸ್ಪತ್ರೆಗೆ ಹೋಗಬೇಕು. ಅವಳ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ಏಳು ಗಂಟೆಗೆ ಅಲ್ಲಿರದಿದ್ದರೆ ಡಯಾಲಿಸಿಸ್ಸಿನ ಬೆಡ್ಡು ಇನ್ನೊಬ್ಬರ ಪಾಲು.

ಮಂಗಳವಾರ ಹಾಗೇ ಆಯಿತು. ಬೆಳಗ್ಗೆ ಕಾರು ಏಳಲೇ ಇಲ್ಲ. ಮೇಸ್ತ್ರಿ ಬಂದಾಗ ಮಧ್ಯಾಹ್ನ, ಬಿಸಿಲು ಚುರುಗುಟ್ಟುತ್ತಿತ್ತು. ಕೀ ತಿರುಗಿಸಿದರೆ ಒಂದೇ ಏಟಿಗೆ ಎದ್ದಿತು. "ಗಾಡಿಗೆ ಏನೂ ಆಗಿಲ್ಲ. ರೋಗ ಇರೋದು ನಿಮಗೆ. ಇಂಥ ಕೊಚ್ಚೇಲಿ ನಾನಾದ್ರೂ ಬೆಳಗ್ಗೆ ಏಳ್ತಿರಲಿಲ್ಲ," ಎಂದು ಬೈದು, ಅವರ ಬಚ್ಚಲಲ್ಲಿ ಮೂರು ಸಲ ಕೈ ತೊಳೆದು ಹೋಗಿದ್ದ.

ಇವತ್ತು ಗುರುವಾರ. ಕಾರು ಮತ್ತೆ ಏಳದೆ ಭಾವ ಅವನನ್ನು ಕರೆಸಿದ್ದ. ಆರೂಕಾಲು. ಗಾಜಿನ ಮೇಲೆ ಇಬ್ಬನಿ ದಟ್ಟವಾಗಿ ಕೂತಿತ್ತು. ಅಕ್ಕ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಅವಳ ಮುಖ ಊದಿಕೊಂಡು ಕಣ್ಣುಗಳು ಚಿಕ್ಕವಾಗಿದ್ದವು. ನಾಲ್ಕು ಮಾತಿಗೆ ಒಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. ಇವತ್ತೂ ಡಯಾಲಿಸಿಸ್ ತಪ್ಪಿದರೆ ಅವಳ ಜೀವಕ್ಕೇ ಅಪಾಯ.

ಭಾವ ಕೀ ತಿರುಗಿಸಿದ. ರ್ರ್... ರ್ರ್... ಎಂದು ನರಳಿ ಇಂಜಿನ್ನು ಸುಮ್ಮನಾಯಿತು.

"ಬ್ಯಾಟರಿ ಸತ್ತಿರುತ್ತೆ. ಅದನ್ನೂ ನೀವು ಮೊಟ್ಟೆ ಲೋಳೇಲಿ ಮುಳುಗಿಸಿರ್ತೀರ," ಎಂದು ಗೊಣಗುತ್ತ ಮೇಸ್ತ್ರಿ ಮೀಟರು ಹಿಡಿದ. ಹನ್ನೆರಡೂವರೆ ವೋಲ್ಟು. ಬ್ಯಾಟರಿ ಗಟ್ಟಿಮುಟ್ಟಾಗಿತ್ತು. ಪ್ಲಗ್ಗುಗಳನ್ನು ಮಂಗಳವಾರವೇ ನೋಡಿಯಾಗಿತ್ತು. ಅವನು ಅನುಮಾನದಿಂದ ಒಂದು ದಪ್ಪ ಕೇಬಲ್ಲು ತೆಗೆದು, ಬ್ಯಾಟರಿಯ ಮೈನಸ್ಸಿಗೆ ಒಂದು ತುದಿ, ಇಂಜಿನ್ನಿನ ಬರಿಯ ಕಬ್ಬಿಣಕ್ಕೆ ಇನ್ನೊಂದು ತುದಿ ಕಚ್ಚಿಸಿದ.

"ಈಗ ತಿರುಗಿಸಿ."

ಇಂಜಿನ್ನು ಧಡಕ್ಕನೆ ಎದ್ದು ಗರ್ಜಿಸಿತು.

"ಆಯ್ತಲ್ಲ! ಹೋಗಿಬಿಡೋಣ!" ಎಂದ ಭಾವ.

"ದಾರೀಲಿ ನಿಂತುಹೋದ್ರೆ? ಆಫ್ ಮಾಡಿ. ಐದೇ ನಿಮಿಷ."

ಈಗ ಕಳ್ಳ ಎಲ್ಲಿದ್ದಾನೆಂದು ಅವನಿಗೆ ಗೊತ್ತಾಗಿತ್ತು. ಬ್ಯಾಟರಿಯಿಂದ ಇಂಜಿನ್ನಿಗೆ ಹೋದ ಕರೆಂಟು ಕಾರಿನ ಮೈ ಮೂಲಕವೇ ವಾಪಸು ಬರಬೇಕು. ಆ ದಾರಿಗೆಂದು ಇಂಜಿನ್ನಿನಿಂದ ಮೈಗೆ ಒಂದು ತಾಮ್ರದ ಪಟ್ಟಿ ಬಿಗಿದಿರುತ್ತಾರೆ. ಪಟ್ಟಿಯ ಬುಡಕ್ಕೆ ಹೇಸಿಗೆ ಮೆತ್ತಿಕೊಂಡಿರಬೇಕು, ಭಾವನ ಮುಖಕ್ಕೇ ಹಿಡಿದು ತೋರಿಸುತ್ತೇನೆ ಎಂದುಕೊಂಡು ಅವನು ಬೋಲ್ಟು ಬಿಚ್ಚಿದ.

ಪಟ್ಟಿಯ ಕೆಳಗೆ ಹೇಸಿಗೆ ಇರಲಿಲ್ಲ. ಬೆಳ್ಳಿ ಬಣ್ಣ ಇತ್ತು. ದಪ್ಪಗೆ, ನುಣ್ಣಗೆ, ಎರಡು ಕೋಟು.

ಅವನಿಗೆ ಎಲ್ಲ ನೆನಪಾಯಿತು. ಬೇಸಿಗೆಯಲ್ಲಿ ಇದೇ ಕಾರು ಅವನ ಶೆಡ್ಡಿಗೆ ಬಂದಿತ್ತು. ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಬಣ್ಣ ಬಳಿದು, ಒಣಗಿದ ಮೇಲೆ ಅದರ ಮೇಲೆಯೇ ಪಟ್ಟಿ ಕೂರಿಸಿದ್ದ. ನೋಡುವುದಕ್ಕೆ ಚೆನ್ನಾಗಿರಲಿ ಎಂದು. ಬಣ್ಣ ಕರೆಂಟನ್ನು ಬಿಡುವುದಿಲ್ಲವೆಂದು ಮೊದಲ ವರ್ಷ ಕೆಲಸ ಕಲಿಯುವ ಹುಡುಗರಿಗೂ ಗೊತ್ತು. ಬಿಸಿಲಲ್ಲಿ ಇಂಜಿನ್ನು ಹಗುರಾಗಿ ತಿರುಗುವುದರಿಂದ ಬೋಲ್ಟಿನ ಸುರುಳಿ ಗೆರೆಗಳ ಮೂಲಕ ನುಸುಳಿದ ಕರೆಂಟೇ ಸಾಕಾಗುತ್ತಿತ್ತು. ಚಳಿಗೆ ಆಯಿಲ್ಲು ಗಟ್ಟಿಯಾದಾಗ ಸಾಕಾಗಲಿಲ್ಲ.

ತಿಕ್ಕಿ ತೊಳೆದ ತನ್ನ ಬಿಳಿಯ ಉಗುರುಗಳನ್ನು ಕಂಡು ಅವನಿಗೆ ಅಸಹ್ಯವಾಯಿತು.

ಉಪ್ಪುಕಾಗದ ತೆಗೆದು ಕಬ್ಬಿಣ ಬೆಳ್ಳಗೆ ಕಾಣುವವರೆಗೂ ಉಜ್ಜಿದ. ಪಟ್ಟಿ ಬಿಗಿದ. ಭಾವ ಕೀ ತಿರುಗಿಸಿದ. ಕೇಬಲ್ಲಿಲ್ಲದೆ, ಒಂದೇ ಏಟಿಗೆ ಎದ್ದಿತು.

"ಏನಾಗಿತ್ತು? ನನ್ನ ಕೊಳಕೇ ತಾನೇ?" ಭಾವ ಕಿಟಕಿಯಿಂದ ತಲೆ ಹಾಕಿ ಕೇಳಿದ. ಸ್ಟೀರಿಂಗಿನ ಮೇಲಿದ್ದ ಅವನ ಬೆರಳುಗಳು ಫಿನಾಯಿಲ್ಲಿಗೆ ಸುಲಿದು ಕೆಂಪಾಗಿದ್ದವು.

ಹೌದು ಎಂದರೆ ಮುಗಿಯುತ್ತಿತ್ತು. ಭಾವ ನಂಬುತ್ತಿದ್ದ, ಜೀವಮಾನವೆಲ್ಲ ನಂಬುತ್ತಿದ್ದ.

"ಅಲ್ಲ ಭಾವ. ನನ್ನದು. ಬೋಲ್ಟಿನ ಕೆಳಗೆ ಬಣ್ಣ ಬಳಿದಿದ್ದೆ. ಮಂಗಳವಾರ ತಪ್ಪಿದ್ದೂ ನನ್ನಿಂದಾನೇ."

ಭಾವ ಹಿಂದಿನ ಸೀಟಿನತ್ತ ತಿರುಗಿದ. "ಅವತ್ತು ರಾತ್ರಿಯೆಲ್ಲ ಇವಳು ಕೂತೇ ಉಸಿರಾಡಿದ್ದು," ಎಂದ. "ನಾನು ನನ್ನ ಕೈನ ಶಪಿಸ್ಕೊಂಡು ಕೂತಿದ್ದೆ." ಗೇರು ಹಾಕಿದ.

ಅಕ್ಕ ಗಾಜು ಇಳಿಸಿದಳು. "ಹೋಗು... ಕೈ ತೊಳ್ಕೋ," ಎಂದಳು. ಅದು ಬೈಗುಳವೋ ಅಕ್ಕರೆಯೋ ಅವನಿಗೆ ತಿಳಿಯಲಿಲ್ಲ. ಕಾರು ತಿರುವಿನಲ್ಲಿ ಮರೆಯಾಯಿತು. ಆರು ಮುಕ್ಕಾಲಾಗಿತ್ತು.

ಅವನು ನಲ್ಲಿಯ ಕಡೆ ನಾಲ್ಕು ಹೆಜ್ಜೆ ಹಾಕಿರಬೇಕು, ಪಕ್ಕದ ಕಾಂಪೌಂಡಿನಿಂದ ಸದ್ದು ಬಂತು. ರ್ರ್... ರ್ರ್... ರ್ರ್... ಟೀಚರಮ್ಮನ ಕಾರು. ಬೇಸಿಗೆಯಲ್ಲಿ ಅದೂ ಅವನ ಶೆಡ್ಡಿಗೆ ಬಂದಿತ್ತು. ಆ ವರ್ಷ ಊರಿನ ಎಷ್ಟು ಕಾರುಗಳ ಬಾನೆಟ್ಟಿನ ಒಳಗೆ ತನ್ನ ಬೆಳ್ಳಿ ಬಣ್ಣ ಹೊಳೆಯುತ್ತಿದೆ ಎಂದು ಎಣಿಸಲು ಹೋಗಿ ಅವನು ನಡುವೆಯೇ ನಿಲ್ಲಿಸಿದ.

ಕೈ ತೊಳೆಯದೆ, ಅದೇ ಉಪ್ಪುಕಾಗದ ಹಿಡಿದು ಪಕ್ಕದ ಗೇಟು ತೆಗೆದ.