ಐದು ಗಾಸ್‌ನ ಗೆರೆ

ನಿನ್ನ ಗಂಡನಿಗೆ ಇಬ್ಬರು ಹೆಂಡಿರು ಎಂದು ನಾದಿನಿ ಮೊದಲಿನಿಂದಲೂ ನನ್ನನ್ನು ರೇಗಿಸುತ್ತಿದ್ದಳು. ಮನೆಯಲ್ಲಿ ನಾನು, ಪ್ರಯೋಗಾಲಯದಲ್ಲಿ ಆ ಅಯಸ್ಕಾಂತ. ಆಳೆತ್ತರದ ತಾಮ್ರದ ಸುರುಳಿ ಅದು. ವಿದ್ಯುತ್ ಹರಿಸಿದರೆ ನಡುವಿನ ಕೊಳವೆಯಲ್ಲಿ ಭಾರಿ ಕಾಂತಕ್ಷೇತ್ರ ಹುಟ್ಟುತ್ತದೆ. ಅಲ್ಲಿ ಲೋಹದ ಚೂರುಗಳನ್ನಿಟ್ಟು ಅವು ಹೇಗೆ ವರ್ತಿಸುತ್ತವೆ ಎಂದು ನೋಡುತ್ತೇವೆ. ಸುರುಳಿ ಸುತ್ತಿದವರು ಅವರು, ಅಳೆಯುವವಳು ನಾನು. ಸವತಿಯ ನಾಡಿ ಹಿಡಿದು ನೋಡುವುದೇ ನನ್ನ ಹಣೆಬರಹವಾಯಿತಲ್ಲ ಎಂದು ನಾನೂ ನಗುತ್ತಿದ್ದೆ. ಈಗ ನಗಲಿಕ್ಕೂ ತ್ರಾಣವಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಅವರು ಕಾರಿಡಾರಿನಲ್ಲಿ ಕುಸಿದುಬಿದ್ದರು. ಎದೆಬಡಿತ ನಡುನಡುವೆ ತಪ್ಪುತ್ತಿದೆ ಎಂದು ಡಾಕ್ಟರು ಭುಜದ ಕೆಳಗೆ, ಚರ್ಮದಡಿಯಲ್ಲಿ ಪೇಸ್‌ಮೇಕರ್ ಇಟ್ಟರು. ಬಡಿತ ತಪ್ಪಿದಾಗ ಅದು ತಟ್ಟಿ ಎಬ್ಬಿಸುತ್ತದೆ. ಆದರೆ ಬಲವಾದ ಕಾಂತಕ್ಷೇತ್ರದಲ್ಲಿ ಅದಕ್ಕೇ ದಿಕ್ಕು ತಪ್ಪುತ್ತದೆ. ಇನ್ನು ಮೇಲೆ ಐದು ಗಾಸ್ ದಾಟಿದ ಕಡೆ ಕಾಲಿಡಕೂಡದು ಎಂದರು. ಗಾಸ್ ಎಂದರೆ ಕಾಂತಕ್ಷೇತ್ರದ ಅಳತೆ. ನಾವೆಲ್ಲ ನಿಂತಿರುವ ಈ ಭೂಮಿಯದ್ದು ಹೆಚ್ಚುಕಡಿಮೆ ಅರ್ಧ ಗಾಸ್. ನಮ್ಮಲ್ಲಿ ಐದು ಗಾಸ್ ಬರುವ ಜಾಗಕ್ಕೆ ನೆಲದ ಮೇಲೆ ಹಳದಿ ಟೇಪು ಅಂಟಿಸಿರುತ್ತೇವೆ.

ಅವರ ಕುರ್ಚಿ ಇದ್ದದ್ದು ಅಯಸ್ಕಾಂತದ ಪಕ್ಕದ ಕೋಣೆಯಲ್ಲಿ, ಗಾಜಿನ ಕಿಟಕಿಯ ಮುಂದೆ, ಹಳದಿ ಗೆರೆಯ ಒಳಗೆ. ಗೋಡೆ ಗೀಡೆ ಕಾಂತಕ್ಷೇತ್ರಕ್ಕೆ ಲೆಕ್ಕಕ್ಕಿಲ್ಲ, ಅದು ತನ್ನ ಪಾಡಿಗೆ ಹಾದುಹೋಗುತ್ತದೆ. ಟೇಪು ಅಂಟಿಸಿದವರು ಅವಸರದಲ್ಲಿ ಅಳೆದಿದ್ದಾರೆ, ಸರಿಯಾಗಿ ಅಳೆದರೆ ನನ್ನ ಕುರ್ಚಿ ಗೆರೆಯ ಹೊರಗೇ ಉಳಿಯುತ್ತದೆ ಎಂದು ಇವರ ವಾದ. ಮನೆಯಲ್ಲಿ ಕುಳಿತು ಅದನ್ನೇ ಹೇಳಿ ಹೇಳಿ ನನ್ನ ತಲೆ ಚಿಟ್ಟು ಹಿಡಿಸಿದರು. ಕುರ್ಚಿ ಹೋದರೆ ನಾನೂ ಹೋದ ಹಾಗೇ ಎಂದರು ಒಂದು ದಿನ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಕೊನೆಗೆ ಇನ್ನೊಮ್ಮೆ ಅಳೆದು ನೋಡಲು ವಿಭಾಗದ ಮುಖ್ಯಸ್ಥೆ ಒಪ್ಪಿದರು. ಕಾಲು ಭಾಗ ಮಾತ್ರ ವಿದ್ಯುತ್ ಹರಿಸುವುದು, ಅಷ್ಟರಲ್ಲಿ ಇವರಿಗೆ ಅಪಾಯವಿಲ್ಲ. ಬಂದ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿದರೆ ಪೂರ್ತಿ ಹರಿಸಿದಾಗಿನ ಲೆಕ್ಕ ಸಿಗುತ್ತದೆ. ಇವರೇ ಅಳೆಯಲಿ, ಸರಿ ಎನ್ನಬೇಕಾದವಳು ಮಾತ್ರ ನಾನು. ಗಂಡನಾದರೇನು, ಹೆಂಡತಿಯಾದರೇನು, ಅಳತೆಗೆ ನಾನೇ ಹೊಣೆ.

ಇವರು ಕುರ್ಚಿಯ ಬಳಿ ನಿಂತು, ಮೀಟರಿಗೆ ಜೋಡಿಸಿದ ಅಳೆಯುವ ಕಡ್ಡಿ, ಪ್ರೋಬನ್ನು, ಎದೆಯ ಮಟ್ಟಕ್ಕೆ ಹಿಡಿದರು. ಮೀಟರು ಒಂದು ಗಾಸ್ ತೋರಿಸಿತು. ನಾಲ್ಕು ಪಟ್ಟು ಎಂದರೆ ನಾಲ್ಕು. ಐದಕ್ಕೆ ಒಳಗೇ. ಮುಖ್ಯಸ್ಥೆ ಉಸಿರು ಬಿಟ್ಟು ನಕ್ಕರು.

ನಾನು ಮೀಟರು ನೋಡಲಿಲ್ಲ, ಇವರ ಕೈ ನೋಡಿದೆ. ಪ್ರೋಬಿನ ತುದಿಯಲ್ಲಿರುವುದು ಉಗುರಿನಷ್ಟು ಚಪ್ಪಟೆ ಬಿಲ್ಲೆ. ಕ್ಷೇತ್ರ ಅದಕ್ಕೆ ನೇರವಾಗಿ ಬಡಿಯಬೇಕು, ಓರೆಯಾದರೆ ಸಂಖ್ಯೆ ಇಳಿಯುತ್ತದೆ. ಅದಕ್ಕೇ ಕೈಯನ್ನು ಮೆಲ್ಲಗೆ ತಿರುಗಿಸುತ್ತ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಹುಡುಕಬೇಕು. ಓರೆ ಹಿಡಿದ ಹೊಸಬರಿಗೆಲ್ಲ ಇವರಿಂದ ಸಹಸ್ರನಾಮ ಆಗಿದೆ. ಈಗ ತಾವೇ ಓರೆ ಹಿಡಿದಿದ್ದರು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಸುಳ್ಳೇಕೆ, ಸುಮ್ಮನಿದ್ದುಬಿಡಲೇ ಎಂದು ನನಗೂ ಆಸೆಯಾಯಿತು. ಮನೆಯಲ್ಲಿ ಆ ಮುಖ ನೋಡಿ ನೋಡಿ ಸೋತುಹೋಗಿದ್ದೆ.

"ಕೈ ತಿರುಗಿಸ್ರೀ," ಅಂದೆ.

"ಇಷ್ಟು ನೋಡಿದ್ದು ಸಾಲ್ದೇನೆ?"

"ತಿರುಗಿಸಿ. ನಂಗೆ ನೀವು ಬೇಕು."

ತಿರುಗಿಸಿದರು. ಎರಡು. ನಾಲ್ಕು ಪಟ್ಟು ಎಂದರೆ ಎಂಟು. ಇವರೇ ಕುರ್ಚಿಯನ್ನು ದರದರನೆ ಎಳೆದುಕೊಂಡು ಹೋಗಿ ಕಾರಿಡಾರಿನ ಕೊನೆಯಲ್ಲಿ ಹಾಕಿದರು. ಅಯಸ್ಕಾಂತ ಆರಿಸಿದ ಮೇಲೆ ಮಾತ್ರ ಒಳಗೆ ಬರಬಹುದು ಎಂದಾಯಿತು. ಜೀವ ಇರೋವಾಗ ನೋಡೋ ಹಾಗಿಲ್ಲ, ಹೋದ್ಮೇಲೆ ಮುಖ ನೋಡ್ಬಹುದು, ಅಷ್ಟೇ ತಾನೆ ಎಂದರು ಇವರು. ನನಗೆ ರೇಗಿತು. ತಾಮ್ರಕ್ಕೆಲ್ಲ ಆ ಮಾತು ಆಡಬೇಡಿ, ಮನೆಯಲ್ಲಿ ಜೀವ ಇರುವವಳು ಒಬ್ಬಳಿದ್ದಾಳೆ ಎಂದೆ.

ಮಾರನೆಯ ದಿನವೇ ದೊಡ್ಡ ಅಳತೆ ಇತ್ತು. ಹಂತ ಹಂತವಾಗಿ ಕ್ಷೇತ್ರ ಏರಿಸುತ್ತ ಸಂಜೆಯ ತನಕ ಕೂರಬೇಕು. ಇವರು ಬೆಳಿಗ್ಗೆಯೇ ಬಂದು ಕಾರಿಡಾರಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು, ಆಸ್ಪತ್ರೆಯಲ್ಲಿ ರೋಗಿಯ ಕಡೆಯವರು ಕೂತಹಾಗೆ. ಬಾಗಿಲು ತೆರೆದಾಗಲೆಲ್ಲ ತಲೆ ಎತ್ತುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನನ್ನಿಂದ ಆಗಲಿಲ್ಲ. ಅಳತೆಯನ್ನು ಅರ್ಧಕ್ಕೇ ನಿಲ್ಲಿಸಿ, ಕ್ಷೇತ್ರ ಇಳಿಸಿ, ಆರಿಸಿ, ಬನ್ನಿ ಎಂದು ಕರೆದೆ.

ಓಡುವ ಹಾಗೆ ಬಂದರು. ಸುರುಳಿಯನ್ನು ತಂಪಾಗಿಸಿ ಹೊರಬರುವ ನೀರಿನ ಕೊಳವೆಯ ಮೇಲೆ ಕೈಯಿಟ್ಟರು. ಅಳತೆ ಮುಗಿಯಿತಾ ಎಂದು ಕೇಳಿದರು. ಮುಗಿಯಿತು ಎಂದೆ. ಕೈ ತೆಗೆಯದೆ ಸ್ವಲ್ಪ ಹೊತ್ತು ನಿಂತರು.

"ಪೂರ್ತಿ ಏರಿಸಿದ್ರೆ ಈ ಕೊಳವೆ ಮುಟ್ಟೋಕೆ ಆಗ್ತಿರ್ಲಿಲ್ಲ ಕಣೆ," ಎಂದರು. "ಸುಳ್ಳು ಹೇಳೋಕೆ ನಿಂಗೂ ಬರಲ್ಲ."

ನನಗೆ ಅಳು ಬಂತು. ಇವರು ನನ್ನ ಭುಜ ತಟ್ಟಿ ಹೊರಟರು, ಬಾಗಿಲನ್ನು ತಾವೇ ಎಳೆದುಕೊಂಡರು. ಚಪ್ಪಲಿಯ ಸದ್ದು ಕಾರಿಡಾರಿನ ಕೊನೆಯವರೆಗೂ ಹೋಗಿ ನಿಂತಿತು.

"ಹೊರಗಿದೀನಿ," ಎಂದು ಕೂಗಿದರು. "ಏರಿಸು."

ಕಣ್ಣೊರೆಸಿಕೊಂಡು ಏರಿಸಿದೆ.