ಭಂಡಾರ ಹಚ್ಚಿದ ಚಕ್ಕಾ

ಮೊನ್ನೆ ನನ್ನ ಸೊಸೆ ಪೇಟೆಯಿಂದ ಅಂಗೈಯಷ್ಟಗಲದ ಪ್ಲಾಸ್ಟಿಕ್ ಡಬ್ಬಿ ತಂದು ಮುಂದಿಟ್ಟಳು. "ಗ್ರೀಕ್ ಯೋಗರ್ಟ್ ಅತ್ತಿ, ತಿನ್ರಿ, ಎಲುಬಿಗೆ ಭಾಳ ಛಲೋ ಅಂತ" ಎಂದಳು. ಒಂದು ಚಮಚ ಬಾಯಿಗಿಟ್ಟೆ. ಅಯ್ಯ ಶಿವನೇ! ನೀರು ಬಸಿದ ಮೊಸರು, ನಮ್ಮ ಚಕ್ಕಾ! ಇದನ್ನು ನಮಗೆ ಕಲಿಸಲು ಗ್ರೀಕರು ಬರಬೇಕಾಗಿತ್ತೇ? ನಗು ಬಂತು. ಹಿಂದೆಯೇ ದುಂಡವ್ವ ಅತ್ತಿ ನೆನಪಾದಳು, ಕಣ್ಣು ತುಂಬಿ ಬಂದವು.

ಅದು ಎಪ್ಪತ್ತೊಂಬತ್ತನೇ ಇಸವಿ. ನಾನು ಆಗಷ್ಟೇ ಮದುವೆಯಾಗಿ ಕೊಲ್ಹಾಪುರದ ಚಾಳಿಗೆ, ಸಾಲುಮನೆಗಳ ವಠಾರಕ್ಕೆ, ಬಂದಿದ್ದೆ. ಎರಡು ಖೋಲಿಯ ಮನೆ. ಮಾವ ತಾತೋಬಾ ಶಿರೋಳಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು. ನಮ್ಮ ಮನೆತನದಲ್ಲಿ ಕುರಿ ಬಿಟ್ಟು ಶಹರ ಸೇರಿದ ಮೊದಲ ಮನುಷ್ಯ ಅವರೇ. ಅವರ ಅಕ್ಕ ದುಂಡವ್ವ ಮಾತ್ರ ಕುರಿ ಬಿಡಲಿಲ್ಲ. ಗಡಹಿಂಗ್ಲಜದ ಸುತ್ತ ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ ಎಂದು ಗೊಬ್ಬರಕ್ಕೆ ಹಿಂಡು ತರುಬಿಕೊಂಡು ತಿರುಗುತ್ತಿದ್ದಳು. ತಾಯಿಯಿಲ್ಲದ ತಮ್ಮನನ್ನು ಬೆಳೆಸಿದವಳು ಆಕೆ.

ಆ ವರ್ಷ ಹೋಳಿ ಹುಣ್ಣಿಮೆ ಮುಗಿದ ಮೇಲೆ ಮಾವನಿಗೆ ಟೈಫಾಯ್ಡ್ ಆಯಿತು. ಜ್ವರ ಬಿಟ್ಟಿತು, ಆದರೆ ಬಾಯಿ ಸತ್ತುಹೋಯಿತು. ಗಂಜಿ ಕೊಟ್ಟರೆ ಮುಖ ತಿರುಗಿಸುವರು, ಅನ್ನ ಕೊಟ್ಟರೆ ಗೋಡೆ ನೋಡುವರು. ಕಬ್ಬಿಣ ಕರಗಿಸುವ ಆಳು ಹಾಸಿಗೆಯಲ್ಲಿ ಎಲುಬಿನ ಗೂಡಾಗಿ ಬಿದ್ದಿದ್ದರು. "ಹೊಟ್ಟಿಗಿ ಹೋಗಲಿಲ್ಲಂದ್ರ ಔಷಧ ಏನ ಮಾಡ್ತದ? ಚಕ್ಕಾ ಕೊಡ್ರಿ, ಹಗೂರ, ತಾಕತ್ತೂ ಬರ್ತದ" ಎಂದರು ಡಾಕ್ಟರು. ಡೇರಿಯ ಮೊಸರು ತಂದು ಕಟ್ಟಿ ಬಸಿದು ಕೊಟ್ಟೆ. "ಸುಣ್ಣ ತಿಂದಂಗ ಆಗ್ತೈತಿ" ಎಂದು ಉಗುಳಿದರು. ಸಿಟ್ಟಿನಿಂದ ಬಟ್ಟಲು ಕುಕ್ಕಿದೆ. ಒಳಗೆ ಹೋಗಿ ಅತ್ತುಬಿಟ್ಟೆ. ಅವರು ಹೋಗಿಬಿಟ್ಟರೆ ಎನ್ನುವ ಹೆದರಿಕೆ ನನಗೆ.

ದುಂಡವ್ವ ಅತ್ತಿಗೆ ಹೇಳಿ ಕಳಿಸಿದೆವು. ನಾಲ್ಕನೇ ದಿನ ಗಡಹಿಂಗ್ಲಜ ಬಸ್ಸಿನ ಕಂಡಕ್ಟರ ಕೈಯಲ್ಲಿ ಒಂದು ಗಂಟು ಬಂತು. ಧೋತರದ ತುಂಡಿನಲ್ಲಿ ಕಟ್ಟಿದ, ಇಟ್ಟಿಗೆಯಂಥ ಗಟ್ಟಿ ಕುರಿ ಹಾಲಿನ ಚಕ್ಕಾ. ಅರಿವೆಯ ಮೇಲೆಲ್ಲ ಹಳದಿ ಭಂಡಾರ ಬಡಿದಿತ್ತು.

ಭಂಡಾರವೆಂದರೆ ನಮ್ಮ ಬೀರದೇವರ ಅರಿಸಿನ. ಭಂಡಾರ ಹಚ್ಚಿದ್ದು ದೇವರದು, ನಾಲ್ಕು ಮಂದಿಗೆ ಹಂಚಿಯೇ ಮನೆಯವರು ಬಾಯಿಗಿಡಬೇಕು. ತೊಟ್ಟಿಲಲ್ಲಿದ್ದಾಗಿನಿಂದ ನಾನು ನೋಡಿದ್ದು ಇದನ್ನೇ. ಅತ್ತಿ ತಮ್ಮನಿಗಾಗಿ ಹರಕೆ ಹೊತ್ತು ನೈವೇದ್ಯ ಕಳಿಸಿದ್ದಾಳೆ ಎಂದುಕೊಂಡೆ. ತಲೆಯ ಮೇಲೆ ಸೆರಗು ಹೊದ್ದುಕೊಂಡು ಚಾಳಿನ ಹದಿನಾಲ್ಕು ಮನೆಗೂ ಒಂದೊಂದು ಮುದ್ದೆ ಕೊಟ್ಟುಬಂದೆ. ಏನು ಭಕ್ತಿ, ಏನು ಸಡಗರ! ಅರಿವೆಗೆ ಮೆತ್ತಿದ್ದನ್ನು ಬಳಿದು ಮಾವನ ನಾಲಿಗೆಗೆ ಹಚ್ಚಿದೆ.

ಮಾವ ಚಪ್ಪರಿಸಿದರು. ಕಣ್ಣು ತೆರೆದರು.

"ಇನ್ನೊಂದೀಟ ತಾ, ರಾಯವ್ವಾ."

ಇಪ್ಪತ್ತು ದಿನದಲ್ಲಿ ಮೊದಲ ಸಲ ಅವರು ಬಾಯಿಬಿಟ್ಟು ಊಟ ಕೇಳಿದ್ದರು. ನನ್ನ ಕೈಯಲ್ಲಿದ್ದದ್ದು ಖಾಲಿ ಅರಿವೆ. ಮಾಡಿದ್ದುಣ್ಣೋ ಮಹಾರಾಯ!

ಮೂರು ದಿನ ಅವರು ಅದನ್ನೇ ಕೇಳಿದರು, ಬೇರೆ ಏನೂ ಮುಟ್ಟಲಿಲ್ಲ. ಐತವಾರ ದುಂಡವ್ವ ಅತ್ತಿಯೇ ಬಂದಿಳಿದಳು. ಹೆಗಲಲ್ಲಿ ಕಂಬಳಿ, ಕೈಯಲ್ಲೊಂದು ಖಾಲಿ ತಂಬಿಗೆ. ಹೊಸ್ತಿಲಲ್ಲೇ, "ಉಂಡಾನೇನ ನನ್ನ ತಮ್ಮ?" ಎಂದಳು.

ಹೇಳಿದೆ. ಹೇಳದೆ ಎಲ್ಲಿಗೆ ಹೋಗಲಿ?

"ಹಂಚಿದ್ಯಾ? ಹುಚ್ಚಿ! ಬಸ್ಸಿನ್ಯಾಗ ಮಂದೀ ದೃಷ್ಟಿ ಬೀಳಬಾರದಂತ ಭಂಡಾರ ಹಚ್ಚಿದ್ದೆ."

"ಹಂಗಂತ ಹೇಳಿ ಕಳಸಬೇಕಾಗಿತ್ರಿ ಅತ್ತಿ! ಭಂಡಾರ ನೋಡಿ ನಾ ಏನ ತಿಳಕೋಬೇಕ್ರಿ?" ತಪ್ಪು ನನ್ನದೇ ಆದರೂ ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

ಅತ್ತಿ ಬೈಯಲಿಲ್ಲ, ಕುಸಿದು ಕೂತಳು. "ಕುರಿ ಎಲ್ಲಾ ಬತ್ಯಾವ ರಾಯವ್ವಾ. ಎರಡ ದಿನ ಮರಿ ಬಿಡದಂಗ ಹಿಂಡಿದ್ದೆ. ಹೆಪ್ಪೂ ಉಳಸಲಿಲ್ಲ, ಎಲ್ಲಾ ಕಟ್ಟಿ ಕಳಿಸೇನಿ. ಇಲ್ಲಿಂದ ಒಂದ ಚಮಚ ಹೊಳ್ಳಿ ಒಯ್ದರಾತು ಅಂದಕೊಂಡಿದ್ದೆ. ನಮ್ಮವ್ವ ಹಾಕಿಕೊಟ್ಟ ಹೆಪ್ಪದು. ಅದರ ರುಚಿಗೇ ಇವಾ ಬಾಯಿ ಬಿಟ್ಟಾನ."

ಇನ್ನು ಕೂರುವ ಮಾತೇ ಇರಲಿಲ್ಲ. ಬಟ್ಟಲು ಹಿಡಿದು ಮನೆಮನೆ ತಿರುಗಿದೆ. "ಅವತ್ತ ತಿಂದೀವಲ್ಲವಾ, ಭಾಳ ರುಚಿ ಇತ್ತು" ಎಂದರು ಎಲ್ಲರೂ. ಪ್ರಸಾದವನ್ನು ಯಾರಾದರೂ ಇಟ್ಟುಕೊಂಡಾರೆಯೇ? ಕೊನೆಯ ಖೋಲಿ ಹೌಸಾಬಾಯಿಯದು. ಬೌದ್ಧ ಧರ್ಮಕ್ಕೆ ಸೇರಿದ ದಲಿತರ ಹೆಣ್ಣುಮಗಳು, ಗಂಡ ಸೈಕಲ್ ದುರಸ್ತಿ ಮಾಡುವವನು. ನಾನು ಕೇಳಿದ್ದೇ ತಡ, ಆಕೆ ತಲೆ ತಗ್ಗಿಸಿದಳು.

"ಸಿಟ್ಟಾಗಬ್ಯಾಡ ರಾಯವ್ವಾ. ದೀಕ್ಷೆ ತಗೊಂಡ ಮ್ಯಾಲ ನಮ್ಮ ಮನ್ಯಾಗ ದೇವರ ಪ್ರಸಾದ ತಿನ್ನೂದಿಲ್ಲ. ನೀ ಅಷ್ಟ ಪ್ರೀತಿಲೇ ಕೊಟ್ಟಿ, ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ. ಅನ್ನ ಚೆಲ್ಲಾಕ ಕೈ ಬರಲಿಲ್ಲ. ಎಮ್ಮೀ ಹಾಲಿಗೆ ಹೆಪ್ಪು ಹಾಕಿಬಿಟ್ಟೆ. ಮೊಸರಾದ ಮ್ಯಾಲ ಅದು ಮೊಸರ, ಹೌದಲ್ಲ? ಮೂರ ದಿನದಿಂದ ಅದರ ಮ್ಯಾಲ ಮೊಸರ ಹಾಕಾಕತ್ತೇನಿ."

ಒಳಗಿಂದ ಗಡಿಗೆ ತಂದಳು. ನಾನು ಆಕೆಯನ್ನು ತಬ್ಬಿಕೊಂಡು ಕುಣಿಯುವುದೊಂದು ಬಾಕಿ. ತಿರುಗಿ ನೋಡಿದರೆ ಹಿಂದೆ ದುಂಡವ್ವ ಅತ್ತಿ ನಿಂತಿದ್ದಾಳೆ. ಈ ಮುದುಕಿ ಹುಟ್ಟಿದಾಗಿನಿಂದ ಇಂಥ ಮನೆಯಲ್ಲಿ ನೀರು ಮುಟ್ಟಿದವಳಲ್ಲ. ಬೇಡ ಎಂದುಬಿಟ್ಟರೆ? ಅತ್ತ ನಮ್ಮ ಮನೆಯಲ್ಲಿ ತಮ್ಮ ಉಪವಾಸ ಮಲಗಿದ್ದಾನೆ. ಅತ್ತಿ ಬೆರಳದ್ದಿ ಬಾಯಿಗಿಟ್ಟುಕೊಂಡಳು.

"ಅವ್ವಂದ" ಎಂದಳು. ಅಷ್ಟೇ.

ಹೌಸಾಬಾಯಿಯೇ ತೆಳು ಅರಿವೆಯಲ್ಲಿ ಮೊಸರು ಕಟ್ಟಿ ತನ್ನ ಕಿಟಕಿಯ ಸರಳಿಗೆ ತೂಗುಹಾಕಿದಳು. ಬಸಿದ ನೀರನ್ನು ಚೆಲ್ಲದೆ ನಾನು ಅದರಲ್ಲೇ ಜೋಳದ ಹಿಟ್ಟು ನಾದಿ ಮೆತ್ತನ್ನ ಭಕ್ರಿ ಬಡಿದೆ. ಸಂಜೆ ಚಕ್ಕಾಕ್ಕೆ ಹುರಿದ ಜೀರಿಗೆ, ಉಪ್ಪು, ಚೂರು ಕೊತ್ತಂಬರಿ ಕಲಸಿ, ಭಕ್ರಿಯ ನಡುವಿನ ತೆಳು ಪದರಕ್ಕೆ ಸವರಿ ಅತ್ತಿ ತುತ್ತು ಮಾಡಿದಳು. ಮಾವ ಒಂದು ತಿಂದರು, ಎರಡು ತಿಂದರು. ಐದನೆಯದಕ್ಕೆ ಎದ್ದು ಗೋಡೆಗೊರಗಿ ಕೂತು, "ಅಕ್ಕಾ, ನಿನ್ನ ಮೊಸರಾ ಇದು?" ಎಂದರು.

"ಹೌಸಾಬಾಯಿ ಮನೀದು" ಎಂದಳು ಅತ್ತಿ, ಇಡೀ ಚಾಳಿಗೆ ಕೇಳುವಂತೆ. ಮಾವ ಆರನೆಯ ತುತ್ತಿಗೆ ಬಾಯಿ ತೆರೆದರು.

ಎಂಟು ದಿನದಲ್ಲಿ ಅವರು ಬಾಗಿಲ ತನಕ ನಡೆದರು. ದುಂಡವ್ವ ಅತ್ತಿ ಹಿಂಡಿಗೆ ಹೊರಟು ನಿಂತಳು. ತಂಬಿಗೆ ಹಿಡಿದು ಸೀದಾ ಹೌಸಾಬಾಯಿಯ ಬಾಗಿಲಿಗೆ ಹೋದಳು, ಹಿಂದೆ ನಾನು.

"ಒಂದ ಚಮಚ ಹೆಪ್ಪು ಕೊಡವಾ" ಎಂದಳು. ಹೌಸಾಬಾಯಿ ತಂದಳು. ಅತ್ತಿ ಕೈ ಚಾಚಲಿಲ್ಲ. "ಆದ್ರ ನಮ್ಮ ಕಡೆ ತವರಮನಿ ಬಿಟ್ಟು ಬ್ಯಾರೆ ಮನ್ಯಾಗಿಂದ ಹೆಪ್ಪು ಒಯ್ಯೂದಿಲ್ಲ."

ಹೌಸಾಬಾಯಿಯ ಮುಖ ಇಳಿದುಹೋಯಿತು. ಕೊಡಲು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡಳು. ನನಗೆ ಅತ್ತಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಬಾಯಿ ತೆರೆದೇಬಿಟ್ಟಿದ್ದೆ.

ಅಷ್ಟರಲ್ಲಿ ದುಂಡವ್ವ ಅತ್ತಿ ಚಪ್ಪಲಿ ಕಳಚಿ, ಹೊಸ್ತಿಲು ದಾಟಿ, ಒಲೆಯ ಮುಂದೆ ಕಂಬಳಿ ಹಾಸಿ ಕೂತಳು.

"ಏನ ನೋಡ್ತಿ? ತವರಿಗಿ ಬಂದ ಮಗಳನ್ನ ಬರೇ ಹೊಟ್ಟೀಲೇ ಕಳಸ್ತೀಯೇನ? ಭಕ್ರಿ ಹಾಕ."

ಹೌಸಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಮೇಲೆ ಹಂಚು ಇಟ್ಟಳು. ಆ ದಿನ ಗಡಹಿಂಗ್ಲಜದ ಬಸ್ಸು ಅತ್ತಿಯನ್ನು ಬಿಟ್ಟೇ ಹೋಯಿತು.