ಆಯಸ್ಕಾಂತ ಮುಟ್ಟಿಸಿದ ಕಲ್ಲುಗಳು

"ನಿಜ ಹೇಳಪ್ಪ. ಎಷ್ಟು ಕಲ್ಲಿಗೆ ಆಯಸ್ಕಾಂತ ಮುಟ್ಟಿಸಿದೀಯ?"

"ಎಲ್ಲದಕ್ಕೂ ಕಣೆ! ಮುಟ್ಟಿಸದೇ ಇದ್ರೆ ಆಕಾಶದ್ದು ಯಾವ್ದು, ಬೀದೀದು ಯಾವ್ದು ಅಂತ ಗೊತ್ತಾಗೋದು ಹೆಂಗೆ?"

"ಮತ್ತೆ ಅವತ್ತು ಇಲ್ಲ ಅಂತ ಯಾಕೆ ಬೊಗಳಿದೆ?"

ಹೆತ್ತ ಅಪ್ಪನಿಗೆ ಬೊಗಳಿದೆ ಅಂದಳು ಮಗಳು. ಕೈ ಎತ್ತುವಷ್ಟು ಸಿಟ್ಟು ಬಂತು. ಎತ್ತಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು.

ನನ್ನದು ಮನೆಗೆ ತಾಗಿದಂತೆಯೇ ಇರುವ ಗುಜರಿ ಅಂಗಡಿ. ಏನೇ ಬರಲಿ, ಮೊದಲು ದಾರಕ್ಕೆ ಕಟ್ಟಿದ ಆಯಸ್ಕಾಂತ ಮುಟ್ಟಿಸುತ್ತೇನೆ. ಅಂಟಿದರೆ ಕಬ್ಬಿಣ. ಇಪ್ಪತ್ತೈದು ವರ್ಷದಿಂದ ಕೈ ತಾನಾಗಿಯೇ ಹೋಗುತ್ತದೆ. ಈ ಜಗಳಕ್ಕೆ ಒಂದು ವರ್ಷ ಮೊದಲು, ಮಟಮಟ ಮಧ್ಯಾಹ್ನ, ತಗಡಿನ ಲೋಡು ಸುರಿದಂಥ ಸದ್ದಾಗಿ, ಆಕಾಶದಲ್ಲಿ ಹೊಗೆಯ ಗೆರೆ ಎದ್ದು, ಎದುರಿನ ಮೈದಾನದಲ್ಲಿ ಕರಿ ಕಲ್ಲು ಉದುರಿದ್ದನ್ನು ಕಣ್ಣಾರೆ ಕಂಡೆ. ಮಗಳು ಓದುತ್ತಿದ್ದದ್ದೇ ಉಲ್ಕೆಗಳ ಬಗ್ಗೆ. ಫೋನು ಮಾಡಿದೆ. ಅವಳು ಬಂದು ಇಳಿಯುವಷ್ಟರಲ್ಲಿ ಹದಿಮೂರು ಕಲ್ಲು ಆರಿಸಿಟ್ಟಿದ್ದೆ.

ಜೊತೆಗೆ ಬಂದಿದ್ದ ಅವಳ ಪ್ರೊಫೆಸರ್, "ಆಯಸ್ಕಾಂತ ಏನಾದ್ರೂ ತಾಗಿಸಿದ್ರಾ?" ಎಂದು ಕೇಳಿದರು. ಕದ್ದ ಮಾಲು ತಗೊಂಡಿದೀಯಾ ಎಂದು ಪೊಲೀಸರು ಕೇಳುವ ದನಿ ನೆನಪಾಯಿತು. "ಅಷ್ಟೂ ಗೊತ್ತಿಲ್ದೋನಾ ನಾನು? ತಾಗಿಸಿಲ್ಲ" ಎಂದು ಎಗರಿದೆ.

ಕಲ್ಲು ಹುಟ್ಟಿದಾಗಿನ ಕಾಂತಶಕ್ತಿಯ ಗುರುತು ಕೋಟ್ಯಂತರ ವರ್ಷ ಅದರೊಳಗೇ ಉಳಿದಿರುತ್ತದಂತೆ; ಒಂದು ಸಲ ಆಯಸ್ಕಾಂತ ತಾಗಿದರೆ ಅಳಿಸಿಹೋಗುತ್ತದಂತೆ. ಅದನ್ನು ಅಳೆಯುವುದರ ಮೇಲೆ ಮಗಳ ಡಾಕ್ಟರೇಟು ನಿಂತಿತ್ತು.

"ವರ್ಷವಿಡೀ ನಾನು ಅಳೆದಿದ್ದು ನಿನ್ನ ಗುಜರಿ ಆಯಸ್ಕಾಂತಾನ. ಹದಿಮೂರಕ್ಕೆ ಹದಿಮೂರೂ ಹಾಳು. ಈ ತಿಂಗಳಿಗೆ ಗಡುವು ಮುಗಿಯತ್ತೆ. ಮೈದಾನಕ್ಕೆ ಕಾಂಕ್ರೀಟು ಬಿದ್ದಾಯ್ತು. ಬೇರೆ ಕಲ್ಲು ಎಲ್ಲಿಂದ ತರಲಿ?"

ಒಳಗೆ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಮಿಷನ್ ನಿಲ್ಲಿಸಿದಳು.

"ಒಂದಿದೆ ಕಣೆ. ಹಿತ್ತಲಲ್ಲಿ ಸಿಕ್ಕಿದ್ದು. ನಿಮ್ಮಪ್ಪನ ಕೈಗೆ ನಾನು ಕೊಡ್ಲೇ ಇಲ್ಲ."

"ಅಮ್ಮಾ! ನಿಜವಾಗ್ಲೂ?" ಮಗಳು ನನ್ನ ಮೇಲಿನ ಸಿಟ್ಟು ಮರೆತು ನನ್ನ ತೋಳನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಹೆಂಡತಿ ಹೊಲಿಗೆ ಮಿಷನ್ನಿನ ಡ್ರಾಯರನ್ನೇ ಕಿತ್ತು ತಂದು ಮುಂದಿಟ್ಟಳು. ಗುಂಡುಸೂಜಿಗಳ ನಡುವೆ ಕಲ್ಲಿತ್ತು. ಬಿದ್ದ ಸೂಜಿ ಎತ್ತಿಕೊಳ್ಳಲೆಂದು ನಾನೇ ಕೊಟ್ಟಿದ್ದ ಆಯಸ್ಕಾಂತವನ್ನು ಕಚ್ಚಿಕೊಂಡು ಕೂತಿತ್ತು.

"ಎಲ್ಲಾದ್ರೂ ಉರುಳಿ ಹೋಗತ್ತೆ ಅಂತ ಅದಕ್ಕೆ ಅಂಟಿಸಿಟ್ಟೆ," ಎಂದಳು.

ಮಗಳ ಕೈ ನನ್ನ ತೋಳಿನಿಂದ ಜಾರಿತು.

"ತಲೆಯಲ್ಲಿ ಏನು ತುಂಬಿದೆಯೇ ನಿಂಗೆ?" ಎಂದು ಹೆಂಡತಿಯ ಮೇಲೆ ಹಾರಿದೆ.

"ಅಮ್ಮನ್ನ ಬೈಬೇಡ," ಎಂದಳು ಮಗಳು, ದನಿ ಏರಿಸದೆ. "ಅಮ್ಮನ್ನ ಯಾರೂ ಕೇಳ್ಲಿಲ್ಲ. ನಿನ್ನ ಕೇಳಿದ್ರು."

ಚಪ್ಪಲಿ ಮೆಟ್ಟಿಕೊಂಡಳು. ಊಟ ಮಾಡ್ಕೊಂಡಾದ್ರೂ ಹೋಗೇ ಎಂದು ಅವಳಮ್ಮ ಗೇಟಿನವರೆಗೂ ಓಡಿದಳು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಸಿಟ್ಟಿಳಿದರೆ ವಾಪಸ್ ಬರುತ್ತಾಳೆಂದು ನಾನು ಗೇಟು ಹಾಕದೆ ಕೂತೆ. ಬಸ್ಸು ನಮ್ಮ ಅಂಗಡಿಯ ಮುಂದೆಯೇ ಹಾದುಹೋಯಿತು. ಕಿಟಕಿಯಲ್ಲಿ ಕೂತಿದ್ದಳು, ಇತ್ತ ನೋಡಲಿಲ್ಲ. ಆಮೇಲೆ ಈ ಮನೆಗೆ ಅವಳು ಬಂದಿಲ್ಲ.